ತೀರಿಹೋದವಳ ನಂಬರಿನಿಂದ

ಮೊನ್ನೆ ಮಧ್ಯಾಹ್ನ ಬೆಟಗೇರಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದಲ್ಲಿದ್ದ ಫೋನು ಬೆಳಗಿತು. ಹಿಟ್ಟಿನ ಕೈಯಲ್ಲೇ ನೋಡಿದೆ: ‘ಖೈರುನ್ನೀಸಾ ಅವರೊಂದಿಗಿನ ಭದ್ರತಾ ಸಂಖ್ಯೆ ಬದಲಾಗಿದೆ.’

ಖೈರುನ್ನೀಸಾ ತೀರಿಹೋಗಿ ಆರು ತಿಂಗಳಾಗಿತ್ತು.

ಶಿರಹಟ್ಟಿಯ ತರಬೇತಿ ಕೇಂದ್ರದಲ್ಲಿ ಅವಳು ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ನಾನು ಕನ್ನಡ ಟೈಪಿಂಗ್ ಕಲಿಸುತ್ತಿದ್ದೆ. ಪಾಸ್‌ವರ್ಡ್ ಕೇಳಿದಲ್ಲೆಲ್ಲ ನನ್ನ ಹೆಸರನ್ನೇ ಬರೆಯುತ್ತಿದ್ದ ಜಾಣೆ ನಾನು, ನಗಬೇಡಿ. ಒಂದು ದಿನ ಅವಳು ನಮ್ಮಿಬ್ಬರ ಫೋನುಗಳನ್ನು ಪಕ್ಕಪಕ್ಕ ಇಟ್ಟು, ಪರದೆಯ ಮೇಲಿನ ಅರವತ್ತು ಅಂಕಿಗಳ ಈ ಭದ್ರತಾ ಸಂಖ್ಯೆಯನ್ನು ನನ್ನಿಂದ ಮಗ್ಗಿಯಂತೆ ಓದಿಸಿದಳು.

“ಎರಡೂ ಒಂದ ಅದಾವಲ್ರಿ ಅಕ್ಕಾರ? ಅಂದ್ರ ನಡುವ ಯಾರೂ ಇಲ್ಲ. ನಾ ಬರದದ್ದಕ್ಕ ಇಲ್ಲೇ ಕೀಲಿ ಬೀಳತೈತಿ. ತಗಿಯೂ ಕೀಲಿಕೈ ನಿಮ್ಮ ಫೋನಿನ್ಯಾಗಷ್ಟ. ಹೊತ್ತೊಯ್ಯೋ ಕಂಪನಿಗೂ ಓದಾಕ ಬರೂದಿಲ್ಲ.”

“ಅಂಕಿ ಬದಲಾದ್ರ?”

“ಫೋನರ ಬದಲಾಗಿರತೈತಿ, ಇಲ್ಲಾ ನನ್ನ ಹೆಸರಿನ್ಯಾಗ ಬ್ಯಾರೆ ಯಾರೋ ಕುಂತಿರತಾರ. ಕೇಳದ ನಂಬಬ್ಯಾಡ್ರಿ.”

ಆ ಧೈರ್ಯದಿಂದಲೇ ಮುಂದೆ ಅವಳು ಎದೆಯಲ್ಲಿನ ಗಂಟಿನ ವಿಷಯ ನನಗೊಬ್ಬಳಿಗೆ ಬರೆದಳು. ಅವಳ ಮಗಳು ಶಬಾನಾಳ ಪರೀಕ್ಷೆ ಮುಗಿಯುವ ಹೊತ್ತಿಗೆ ಕಾಲ ಮೀರಿತ್ತು.

ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಅವಳ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ಮೂಡಿತು, ಅಳಿಯಿತು, ಮತ್ತೆ ಮೂಡಿತು. ಆಮೇಲೆ ಬಂತು: “ಅಕ್ಕಾರ, ಅದೀರೇನು?” ಮಾತು ಥೇಟ್ ಅವಳದೇ.

ಒಲೆ ಆರಿಸಿದೆ. ಅವಳ ಮನೆಯಿದ್ದ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅವಳ ಹೆಸರಿನಲ್ಲಿ ಯಾರು ಕುಳಿತಿದ್ದಾರೋ, ನನ್ನ ಫೋನು ನೋಡಿಬಿಟ್ಟರೆ ಎಂಬ ಭಯದಲ್ಲಿ ದಾರಿಯಲ್ಲೇ ಹಳೆಯ ಎರಡು ಸಂದೇಶ ಅಳಿಸಿಬಿಟ್ಟೆ. ಒಂದು ಅವಳದು: “ಶಬಾನಾಗ ಹೇಳಿಬಿಡ್ಲೇನ್ರಿ?” ಇನ್ನೊಂದು ನನ್ನದು: “ಪರೀಕ್ಷಾ ಮುಗೀಲಿ ತಡಿ.”

ಬಾಗಿಲು ತೆರೆದವಳು ಶಬಾನಾ.

“ಅಮ್ಮೀ ಫೋನು ಕೆಟ್ಟತ್ರಿ. ಆಕಿ ಸಿಮ್ ನನ್ನ ಫೋನಿಗೆ ಹಾಕಿದೆ. ಹಳೇ ಮಾತು ಒಂದೂ ಬರಲಿಲ್ಲ. ಆಕಿ ಬರದದ್ದು ಈಗ ನಿಮ್ಮ ಹತ್ರನ ಐತಿ, ಓದಾಕ ಕೊಡ್ರಿ.”

ಕೊಟ್ಟೆ. ಹೊಸ್ತಿಲಲ್ಲೇ ಕುಳಿತು ಮೊದಲಿನಿಂದ ಓದಿದಳು.

“ನಿಮಗ ಅಷ್ಟ ಮೊದಲ ಗೊತ್ತಿತ್ತೇನ್ರಿ?”

“ಗೊತ್ತಿತ್ತವ್ವ.”

ಅವಳು ಬೈಯಲಿಲ್ಲ. ಪುಟಪುಟಕ್ಕೂ ಚಿತ್ರ ತೆಗೆದು ತನ್ನ ಫೋನಿಗೆ ಕಳಿಸಿಕೊಂಡು, ನನಗೆ ಚಹಾ ಕೊಟ್ಟಳು.

ಇವತ್ತು ಅದೇ ನಂಬರಿನಿಂದ ಪ್ರಶ್ನೆ ಬಂದಿದೆ: “ಅಕ್ಕಾರ, ನಡುವ ಒಂದು ದಿನದ ಮಾತ ಇಲ್ಲಲ್ರಿ?”

ಅಳಿಸಿದ ಎರಡು ಸಾಲನ್ನೂ ನೆನಪಿನಿಂದ ಬರೆದು ಕಳಿಸಿದೆ. ಯಾರ ಸಾಲು ಯಾವುದು ಎಂದೂ ಬರೆದೆ. ನಂಬುವುದು ಬಿಡುವುದು ಅವಳಿಗೆ ಸೇರಿದ್ದು. ತೋರಿಸಲು ನನ್ನಲ್ಲಿ ಈಗ ಏನೂ ಉಳಿದಿಲ್ಲ.