ಅಡುಗೆಮನೆ ಮೇಜಿನ ಅಳತೆ

ತಾಂತ್ರಿಕ ಶಾಲೆಯ ಮರಗೆಲಸದ ಮೇಷ್ಟ್ರಿಗೆ ಹುಡುಗರು ಇಟ್ಟಿದ್ದ ಅಡ್ಡಹೆಸರು 'ಮೊಳೆ ಮುಟ್ಟದವರು'. ಬಾಗಿಲ ಚೌಕಟ್ಟಿರಲಿ, ಕಿಟಕಿಯಿರಲಿ, ಒಂದು ಮರದ ತೂತಿನೊಳಗೆ ಇನ್ನೊಂದರ ನಾಲಿಗೆ ಕಚ್ಚಿ ಕೂರಬೇಕು, ಮೊಳೆ ಹೊಡೆಯುವುದು ಸೋಮಾರಿಗಳ ಕೆಲಸ ಎನ್ನುವುದು ಅವರ ಹಟ. ಅದಕ್ಕೆ ಸಾಕ್ಷಿ ತೋರಿಸಲು ಪ್ರತಿವರ್ಷ ವಿದ್ಯಾರ್ಥಿಗಳನ್ನು ಮನೆಗೆ ಕರೆದೊಯ್ಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿಗೆಂದು ಮಾಡಿದ ಅಡುಗೆಮನೆ ಮೇಜು ಅಲ್ಲಿತ್ತು. ಮಗಳು ಹುಟ್ಟಿ ಬೆಳೆದು ಗಂಡನ ಮನೆ ಸೇರಿದರೂ ಅದರ ಒಂದು ಕಾಲೂ ಅಲುಗಿರಲಿಲ್ಲ. ನೆಲದಿಂದ ಸ್ವಲ್ಪವೇ ಮೇಲೆ ಕಾಲುಗಳನ್ನು ಬಿಗಿದಿದ್ದ ಅಡ್ಡಪಟ್ಟಿಯ ಜೋಡಣೆಯಲ್ಲಿ ಕೂದಲೆಳೆಯೂ ತೂರುತ್ತಿರಲಿಲ್ಲ. ಅದನ್ನು ತೋರಿಸಲು ಮೇಷ್ಟ್ರು ಮಂಡಿಯೂರಿ ಕೂರುತ್ತಿದ್ದರು.

ಈ ವರ್ಷದ ತರಗತಿಯಲ್ಲಿ ಒಬ್ಬಳೇ ಹುಡುಗಿ, ಗಿಡ್ಡಕ್ಕಿದ್ದಳು. ಕೀಸುಳಿ ಹಿಡಿದು ಮರ ಕೀಸಲು ಹೊರಟರೆ ಹೆಗಲು ಕಿವಿ ಮುಟ್ಟುತ್ತಿತ್ತು. ಹುಡುಗರು ಕಿಸಕ್ಕೆಂದಾಗ ಮೇಷ್ಟ್ರಿಗೆ ಸಿಟ್ಟು ಬಂತು. ತಪ್ಪು ಅವಳದಲ್ಲ, ಬೆಂಚಿನದು ಎಂದರು. ಬೆಂಚು ಕೆಲಸ ಮಾಡುವವರ ಮೊಣಕೈಗಿಂತ ಒಂದು ಗೇಣು ಕೆಳಗಿರಬೇಕು, ಗರಗಸ ಎತ್ತುವ ಮೊದಲು ಅವರನ್ನು ಕರೆದು ನಿಲ್ಲಿಸಿ ಅಳೆಯಬೇಕು ಎಂದು ಪಾಠ ಹೇಳಿ, ಅವಳಿಗಾಗಿ ಒಂದು ಬೆಂಚಿನ ಕಾಲು ಕತ್ತರಿಸಿಕೊಟ್ಟರು. ಅವತ್ತು ಮನೆಗೆ ಹೋಗುವಾಗ ತಮ್ಮ ಬಗ್ಗೆ ತಮಗೇ ಖುಷಿ.

ಅದೇ ವಾರ ಎಲ್ಲರೂ ಮೇಜು ನೋಡಲು ಬಂದರು. ಮೇಷ್ಟ್ರು ಅಡ್ಡಪಟ್ಟಿಯ ಪಕ್ಕ ಮಂಡಿಯೂರಿ ವಿವರಿಸುತ್ತಿದ್ದರೆ, ಮೇಲೆ ಅದೇ ಮೇಜಿನ ಮೇಲೆ ಹೆಂಡತಿ ಅಷ್ಟೂ ಜನಕ್ಕೆ ಚಹಾ ಕಾಯಿಸುತ್ತಿದ್ದಳು, ಬೋರಲು ಹಾಕಿದ ಹಳೆಯ ಉಪಕರಣದ ಪೆಟ್ಟಿಗೆಯೊಂದರ ಮೇಲೆ ನಿಂತು. ಆದರೂ ಎತ್ತರ ಸಾಲದೆ ಹೆಗಲು ಕಿವಿಯತ್ತ ಏರಿತ್ತು. ಅವಳ ಪಾದ ಊರುವ ಕಡೆ ಪೆಟ್ಟಿಗೆಯ ಹಲಗೆ ಸವೆದು ಬಟ್ಟಲಿನಂತಾಗಿತ್ತು. ಕಾಲಿಗೆ ಎಡವಿದಾಗಲೆಲ್ಲ ಮೇಷ್ಟ್ರು ಆ ಪೆಟ್ಟಿಗೆಯನ್ನು ಬೈದಿದ್ದರು. ಅದು ಅಲ್ಲಿ ಯಾಕಿದೆ ಎಂದು ಯೋಚಿಸಿರಲಿಲ್ಲ.

ಹುಡುಗಿ ಅಡ್ಡಪಟ್ಟಿಯನ್ನು ನೋಡುತ್ತಿರಲಿಲ್ಲ.

"ಆಂಟಿ, ಸ್ವಲ್ಪ ಕೆಳಗಿಳಿದು ನಿಲ್ತೀರಾ?"

ಹೆಂಡತಿ ಇಳಿದಳು. ಹುಡುಗಿ ಅವಳ ಮೊಣಕೈ ಮಡಿಸಿ, ಅದರ ಕೆಳಗೆ ಗೇಣು ಹಾಕಲು ಹೋದಳು. ಗೇಣಿಗೆ ಜಾಗವೇ ಇರಲಿಲ್ಲ. ಮೇಜಿನ ಅಂಚು ಮೊಣಕೈಗೇ ಬಂದು ನಿಂತಿತ್ತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಜು ಸರಿಯಾಗೇ ಇದೆಯಮ್ಮ," ಎಂದು ಹೆಂಡತಿ ನಕ್ಕಳು. "ಕುಳ್ಳಿ ನಾನು. ಬೇಕಿದ್ರೆ ನಿಮ್ಮ ಮೇಷ್ಟ್ರನ್ನೇ ಕೇಳು."

ಅದು ಮೇಷ್ಟ್ರದೇ ಮಾತು. ಮೇಜು ಮಾಡಿಟ್ಟ ಹೊಸದರಲ್ಲಿ ಸ್ವಲ್ಪ ಎತ್ತರವಾಯಿತೇನೋ ಎಂದು ಅವಳು ಅಳುಕುತ್ತಲೇ ಹೇಳಿದ್ದಳು. ಮೇಜು ಸರಿಯಿದೆ, ಕುಳ್ಳಿ ನೀನು ಎಂದು ಇವರು ತಮಾಷೆ ಮಾಡಿದ್ದರು. ಬಂದ ನೆಂಟರಿಗೆಲ್ಲ ಅದನ್ನು ಹೇಳಿ ನಗಿಸಿದ್ದರು. ಅವಳೂ ನಕ್ಕಿದ್ದಳು, ಮತ್ತೆ ಆ ಮಾತು ಎತ್ತಿರಲಿಲ್ಲ. ಅಳತೆ ತೆಗೆದ ದಿನ ಅವಳು ಹಿಂದಿನ ಬಾಗಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಒಂದು ಕೂಗಿನ ದೂರ. ಇವರು ಗೋಡೆಗೆ ತಾವೇ ನಿಂತು, ತಮ್ಮ ಮೊಣಕೈ ಮಡಿಸಿ, ಪೆನ್ಸಿಲ್ ಗೀರು ಎಳೆದಿದ್ದರು. ಅವಳು ಈಚೆಗೆ ಬಲಹೆಗಲಿಗೆ ಮುಲಾಮು ತಿಕ್ಕಿಕೊಳ್ಳುವಾಗ, ವಾಸನೆ ಎಂದು ಮುಖ ತಿರುಗಿಸಿದ್ದೂ ಇವರೇ.

ಹುಡುಗರು ಹೋದ ಮೇಲೆ ಮೇಷ್ಟ್ರು ಗರಗಸ ತಂದು, ಮೇಜು ಖಾಲಿ ಮಾಡು ಎಂದರು. ಹೆಂಡತಿ ಲೋಟ ತೊಳೆಯುತ್ತಿದ್ದಳು, ತಿರುಗಿ ನೊರೆ ಹತ್ತಿದ ಕೈ ತೋರಿಸಿದಳು. ಮೇಷ್ಟ್ರಿಗೆ ನಾಚಿಕೆಯಾಗಿ ತಾವೇ ಡಬ್ಬಿಗಳನ್ನು ಇಳಿಸತೊಡಗಿದರು. ಇದೆಲ್ಲಿಡಲಿ, ಅದೆಲ್ಲಿಡಲಿ ಎಂದು ಒಂದೊಂದಕ್ಕೂ ಕೇಳಿದ್ದಕ್ಕೆ, ನಿಮ್ಮ ಪಶ್ಚಾತ್ತಾಪಕ್ಕಿಂತ ನನ್ನ ಅಡುಗೆಯೇ ಸುಲಭ ಎಂದಳು.

ಅವಳನ್ನು ನಿಲ್ಲಿಸಿ ಅಳೆದರು. ಮೇಜಿನ ಕಾಲು ಕತ್ತರಿಸಬೇಕಾದ ಕಡೆ ಗೀರು ಬಿದ್ದದ್ದು ಅಡ್ಡಪಟ್ಟಿಗಿಂತ ಮೇಲೆ. ಕತ್ತರಿಸಿದರೆ ಆ ಜೋಡಣೆಯೇ ಹೋಗುತ್ತದೆ. ಗರಗಸ ಒಂದು ಗಳಿಗೆ ತಡೆಯಿತು. ಅವಳಿಗೆ ಅದು ಕಾಣದೆ ಹೋಗಲಿಲ್ಲ.

"ಬೇಡ ಬಿಡಿ. ಮುಂದಿನ ವರ್ಷದವರಿಗೆ ತೋರಿಸೋಕೆ ಬೇಕಲ್ಲ."

ಅದರಲ್ಲಿ ಚುಚ್ಚುಮಾತು ಇದ್ದಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು. ಇರಲಿಲ್ಲ. ಅವರು ಕತ್ತರಿಸಿದರು. ನಾಲ್ಕನೆಯ ಕಾಲಿನ ತುಂಡು ಬಿದ್ದಾಗ, ಆಗಲೇ ನಿನ್ನನ್ನು ಕೇಳಬೇಕಿತ್ತು ಎಂದರು.

"ಕೇಳೋದು ಆಮೇಲಿರಲಿ," ಎಂದಳು ಅವಳು. "ನಿಮ್ಮ ಅಳತೆಗೆ ಮಾಡಿದ್ರಲ್ಲ, ಒಂದು ದಿನವಾದ್ರೂ ಅದರ ಮುಂದೆ ನಿಂತಿದ್ದೀರಾ?"

ಮೇಷ್ಟ್ರು ಪೊರಕೆ ತೆಗೆದುಕೊಂಡು ಮರದ ಹೊಟ್ಟು ಗುಡಿಸಿದರು. ಮೂಲೆಗಳಲ್ಲಿ ಹಾಗೇ ಉಳಿಯಿತು.

ಸಂಜೆ ಅವಳು ಈರುಳ್ಳಿ ಹೆಚ್ಚಲು ಬಂದಳು. ಪೆಟ್ಟಿಗೆ ಹಿತ್ತಲಿಗೆ ಹೋಗಿತ್ತು. ಆದರೂ ಬಲಗಾಲು ತಾನಾಗಿ ಮೇಲೆದ್ದು, ಇಲ್ಲದ ಪೆಟ್ಟಿಗೆ ಹತ್ತಿ, ಮುಗ್ಗರಿಸಿತು. ಅಂಚು ಹಿಡಿದು ಸಾವರಿಸಿಕೊಂಡಳು. ಮೇಜು ಈಗ ಸರಿಯಾಗಿತ್ತು, ಮೊಣಕೈಗೆ ಒಂದು ಗೇಣು ಕೆಳಗೆ. ಹೆಗಲು ಮಾತ್ರ ಎಂದಿನಂತೆ ಕಿವಿಯ ಹತ್ತಿರವೇ ಇತ್ತು. ಮೇಷ್ಟ್ರು ಅಂಗೈಯಿಂದ ಮೆಲ್ಲಗೆ ಒತ್ತಿದರು. ಕೈ ಇದ್ದಷ್ಟು ಹೊತ್ತು ಇಳಿದಿತ್ತು, ತೆಗೆದ ಕೂಡಲೇ ಏರಿತು.

ಅವರು ಚಾಕು ಇಸಿದುಕೊಂಡರು. ತಗ್ಗಾದ ಮೇಜಿಗೆ ಬೆನ್ನು ಬಗ್ಗಿಸಿ ಹೆಚ್ಚತೊಡಗಿದರು, ಒಂದು ದಪ್ಪ, ಒಂದು ತೆಳು.

"ಇನ್ನೂ ಸಣ್ಣಗೆ," ಎಂದಳು ಅವಳು, ಹೆಗಲು ತಿಕ್ಕಿಕೊಳ್ಳುತ್ತಾ.