ಒಳಗೆ ಊಟಕ್ಕೆ ಕೂತಿದ್ದ ಮೆಂಬರ್

ದುಬೈಯಲ್ಲಿರುವ ಊರವರೆಲ್ಲ ಝುಬೈರನನ್ನು ಕರೆಯುವುದು ಮೆಂಬರ್ ಎಂದು. ಸಿಲಿಕಾನ್ ಓಯಸಿಸ್‌ನಲ್ಲಿರುವ ಅವನ ಆಫೀಸಿನ ಕ್ಯಾಂಟೀನಿನಲ್ಲೂ ಹಾಗೇ, ಮುಹೈಸ್ನಾದ ಲೇಬರ್ ಕ್ಯಾಂಪಿನ ಊರ ಹುಡುಗರ ನಡುವೆಯೂ ಹಾಗೇ. ತೊಡಕು ಒಂದೇ. ಅವನು ಯಾವ ಪಂಚಾಯತಿನ ಮೆಂಬರೂ ಅಲ್ಲ. ಓಟಿಗೆ ನಿಂತವಳು, ಗೆದ್ದವಳು, ಪ್ರಮಾಣವಚನ ತೆಗೆದುಕೊಂಡವಳು ಊರಿನಲ್ಲಿರುವ ಅವನ ಹೆಂಡತಿ ನಫೀಸ.

ನಿಲ್ಲಬೇಕೆಂಬ ಆಸೆ ಝುಬೈರನದೇ. ರಜೆ ಹಾಕಿ ಊರಿಗೆ ಬಂದು ಬಿಳಿ ಅಂಗಿ ಹೊಲಿಸಿಯೂ ಆಗಿತ್ತು. ಅಷ್ಟರಲ್ಲಿ ವಾರ್ಡು ಮಹಿಳಾ ಮೀಸಲಿಗೆ ಹೋಯಿತು. ಹೊಲಿಸಿದ ಅಂಗಿ ದಂಡವಾಗಬಾರದೆಂದೋ ಏನೋ, ಹೆಂಡತಿಯ ಹೆಸರಿನಲ್ಲಿ ನಾಮಪತ್ರ ಹಾಕಿಸಿದ. ಕರಪತ್ರದಲ್ಲಿ ಅವನ ಫೋಟೋ ಅಂಗೈಯಗಲ, ಅವಳದು ಅಂಚೆಚೀಟಿಯಷ್ಟು. ಸಂಪರ್ಕಕ್ಕೆಂದು ಕೊಟ್ಟ ವಾಟ್ಸಾಪ್ ನಂಬರಂತೂ ಅವನದೇ.

ಹಾಗಾಗಿ ಆ ವಾರ್ಡಿನ ಕೆಲಸ ನಡೆಯುತ್ತಿದ್ದ ಚಂದ ಕೇಳಬೇಕು. ನೀರಿನ ಪಂಪು ಕೆಟ್ಟರೆ ಪಂಚಾಯತಿನ ಕಾರ್ಯದರ್ಶಿ ದುಬೈಗೆ ವಾಯ್ಸ್ ಮೆಸೇಜ್ ಕಳಿಸುವುದು. ಝುಬೈರ್ ಆಫೀಸಿನ ಮೆಟ್ಟಿಲಲ್ಲಿ ನಿಂತು ಅದನ್ನು ಕೇಳಿ ಉತ್ತರ ಕೊಡುವುದು. ಆಮೇಲೆ ಆ ಉತ್ತರ, ಪಂಪಿನಿಂದ ಕೂಗಳತೆಯಲ್ಲೇ ಇರುವ ನಫೀಸಳಿಗೆ ದುಬೈಯಿಂದ ಬಂದು ಮುಟ್ಟುವುದು. ಮೀಟಿಂಗಿನಲ್ಲಿ ಅವಳಿಗಿದ್ದ ಕೆಲಸ ಸಹಿ ಹಾಕಿ, ಚಾ ಕುಡಿದು ಬರುವುದು.

ಆದರೆ ಕೂತವರಿಗೆ ಕಣ್ಣು ಕಿವಿ ಇರುತ್ತದಲ್ಲ. ಯಾವುದೇ ವಾರ್ಡಿನ ವಿಷಯ ಬಂದಾಗ ಅಧ್ಯಕ್ಷರು ಆ ವಾರ್ಡಿನ ಮೆಂಬರಿನ ಮುಖ ನೋಡುವುದನ್ನು ನಫೀಸ ಗಮನಿಸಿದಳು. ಮೆಂಬರ್ ಹೂಂ ಎಂದರೆ ಉಳಿದವರು ಕೈ ಎತ್ತುತ್ತಾರೆ. ಉಹೂಂ ಎಂದರೆ ಕೈಗಳು ಮೇಜಿನ ಮೇಲೇ ಉಳಿಯುತ್ತವೆ. ಇದು ಕಾನೂನಿನಲ್ಲಿ ಬರೆದದ್ದಲ್ಲ, ನಡೆದುಕೊಂಡು ಬಂದ ರೂಢಿ. ಬರಬರುತ್ತಾ ಗಂಡನ ಉತ್ತರ ಬರುವ ಮೊದಲೇ ಅವಳು ಹೂಂ, ಉಹೂಂ ಎನ್ನತೊಡಗಿದಳು. ಬೀದಿ ದೀಪ ಬಂತು, ಚರಂಡಿಗೆ ಮುಚ್ಚಳ ಬಂತು. ದುಬೈಯಲ್ಲಿ ಹೆಸರು ಮಾತ್ರ ಝುಬೈರನಿಗೆ ಬಂತು. ಅವಳಿಗೆ ಸಿಟ್ಟಿರಲಿಲ್ಲವೆಂದರೆ ಸುಳ್ಳು ಹೇಳಿದಂತೆ. ನುಂಗಿಕೊಂಡಿದ್ದಳು, ಅಷ್ಟೇ.

ಈ ಸಲ ಮಗಳು ನಾಫಿಯಾಳ ಶಾಲೆಗೆ ರಜೆ ಸಿಕ್ಕಾಗ ತಾಯಿ ಮಗಳು ವಿಸಿಟ್ ವೀಸಾದಲ್ಲಿ ದುಬೈಗೆ ಬಂದರು. ಹಿಂದಿರುಗುವ ಮುಂಚಿನ ಶನಿವಾರ, ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ಸವಾದ್ ಹಾಜಿಯವರ ವಿಲ್ಲಾದಲ್ಲಿ ಮಧ್ಯಾಹ್ನದ ಊಟಕ್ಕೆ ಕರೆ. ಹಾಜಿ ಅದೇ ಊರಿನ ದೊಡ್ಡ ಕುಳ. ಝುಬೈರನ ವೀಸಾ ಅವರ ಕಂಪೆನಿಯದೇ. ಹಾಲಿನ ಗೋಡೆಯ ಮೇಲೆ ಬ್ಯಾನರು ಬೇರೆ: ‘ಪಂಚಾಯತ್ ಸದಸ್ಯ ಝುಬೈರ್ ಅವರಿಗೆ ಸನ್ಮಾನ’. ಗಂಡಸರು ಹಾಲಿನಲ್ಲಿ ಕೂತರು, ಹೆಂಗಸರು ಒಳಗೆ. ಹಾಜಿಯವರ ಹೆಂಡತಿ ಶಾಹಿನ ಬಿರಿಯಾನಿ ಬಡಿಸುತ್ತಾ, ಮೆಂಬರನ ಹೆಂಡತಿಯಾಗಿರುವುದು ಕಷ್ಟವಲ್ಲವೇ ಎಂದು ಪ್ರೀತಿಯಿಂದ ಕೇಳಿದಳು. ಕಷ್ಟವೇ ಎಂದಳು ನಫೀಸ.

ಹೊರಗೆ ಶಾಲು ಹೊದಿಸಿದ ಚಪ್ಪಾಳೆ ಕೇಳಿಸಿತು. ಅದರ ಬೆನ್ನಿಗೇ ಹಾಜಿಯವರ ಮಾತು. ಊರಿನಲ್ಲಿ ಹೆದ್ದಾರಿ ಬದಿಯ ಜಾಗದಲ್ಲಿ ಅವರಿಗೆ ಕಾಂಪ್ಲೆಕ್ಸ್ ಕಟ್ಟಿಸುವುದಿದೆಯಂತೆ, ಪಂಚಾಯತಿನ ಕಾಲುದಾರಿಯೊಂದು ನಡುವೆ ಅಡ್ಡ ಬರುತ್ತದಂತೆ. ಗುರುವಾರದ ಮೀಟಿಂಗಿನಲ್ಲಿ ಅದನ್ನು ಮುಚ್ಚಲು ಒಪ್ಪಿಗೆಯಾಗಬೇಕು. ಝುಬೈರ್ ಶಾಲಿನೊಳಗಿಂದಲೇ ಖಲಾಸ್ ಎಂದ, ಆಯಿತೆಂದೇ ತಿಳಿಯಿರಿ ಎಂದ.

ನಫೀಸ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು. ಕಾಲೊನಿಯ ಪುಟ್ಟ ಮಕ್ಕಳು ಅಂಗನವಾಡಿಗೆ ಹೋಗುವುದು ಆ ದಾರಿಯಲ್ಲೇ. ಮುಚ್ಚಿದರೆ ಅವು ಲಾರಿ ಓಡುವ ಹೆದ್ದಾರಿಯ ಅಂಚಿನಲ್ಲಿ ನಡೆಯಬೇಕು. ಬಸ್ಸಿಳಿದು ಅವಳ ಮನೆಗೆ ಹೋಗುವುದೂ ಅದೇ ದಾರಿಯಲ್ಲಿ. ಝುಬೈರ್ ಹುಟ್ಟಿದ್ದು ಆ ಮನೆಯಲ್ಲಿ, ನಡೆಯಲು ಕಲಿತದ್ದು ಆ ದಾರಿಯಲ್ಲಿ. ಶಾಲೊಂದು ಹೆಗಲಿಗೆ ಬಿದ್ದದ್ದೇ ತಡ, ಎಲ್ಲ ಮರೆತುಬಿಟ್ಟಿದ್ದ.

ಅವಳು ಕೈ ತೊಳೆದು, ತಲೆಯ ಮೇಲೆ ಶಾಲು ಸರಿಮಾಡಿಕೊಂಡು ಹಾಲಿಗೆ ಬಂದಳು. ಹೆಂಗಸು ಬಂದದ್ದು ಕಂಡು ಕೆಲವರು ಎದ್ದು ಜಾಗ ಬಿಟ್ಟರು. ಅವಳು ಕೂರಲಿಲ್ಲ.

“ಹಾಜಿಯವರೇ, ಆ ದಾರಿ ಮುಚ್ಲಿಕ್ಕೆ ಆಗುದಿಲ್ಲ,” ಎಂದಳು.

ಹಾಜಿ ನಕ್ಕರು. ಮೆಂಬರ್ ಒಪ್ಪಿ ಆಯಿತಲ್ಲ, ಇನ್ನೆಂತ ಎಂದರು.

“ಮೆಂಬರ್ ಒಳಗೆ ಊಟ ಮಾಡ್ತಿದ್ದಳು. ಅವಳನ್ನು ಯಾರೂ ಕೇಳ್ಲಿಲ್ಲ. ಜನ ಓಟು ಹಾಕಿದ್ದು ನಂಗೆ. ಗುರುವಾರ ಅಲ್ಲಿ ಕೂತ್ಕೊಳ್ಳುದೂ ನಾನೇ.”

ಹಾಜಿಯವರ ನಗು ನಿಂತಿತು, ದನಿ ಮಾತ್ರ ಮೆತ್ತಗೇ ಇತ್ತು. ಇಷ್ಟು ದೂರ ಬಂದವಳು ಇನ್ನೊಂದು ತಿಂಗಳು ಗಂಡನ ಜೊತೆ ಇರಲಿ, ವೀಸಾ ಮುಂದುವರಿಸುವುದನ್ನು ಕಂಪೆನಿ ನೋಡಿಕೊಳ್ಳುತ್ತದೆ ಎಂದರು. ಗುರುವಾರ ಅವಳ ಕುರ್ಚಿ ಖಾಲಿಯಿದ್ದರೆ ಉಹೂಂ ಎನ್ನಲು ಯಾರೂ ಇರುವುದಿಲ್ಲ. ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಝುಬೈರ್ ನೆಲ ನೋಡುತ್ತಾ, ನಾಫಿಯಾ ಇನ್ನೂ ಏನೂ ನೋಡಿಲ್ಲ, ಇರಬಹುದಲ್ಲ ಎಂದು ಗೊಣಗಿದ. ಆ ಗೊಣಗು ಅವಳಿಗೆ ಹಾಜಿಯವರ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಟಿಕೆಟು ಮಂಗಳವಾರದ್ದು, ಮಂಗಳವಾರವೇ ಹೊರಡುವುದು ಎಂದಳು ನಫೀಸ. ಗಂಡನ ಹೆಗಲಿನಿಂದ ಶಾಲು ತೆಗೆದು, ಮಡಚಿ, ಸೋಫಾದ ಮೇಲಿಟ್ಟು, ಮಗಳನ್ನು ಕರೆದುಕೊಂಡು ಚಪ್ಪಲಿ ಮೆಟ್ಟಿದಳು.

ದುಬೈಗೆ ವಾಪಸು ಬರುವಾಗ ಕಾರಿನಲ್ಲಿ ಝುಬೈರ್ ಬಾಯಿ ಬಿಟ್ಟ. “ನನ್ನ ವೀಸಾ ಯಾರ ಕೈಯಲ್ಲಿ ಉಂಟು ಅಂತ ನಿಂಗೆ ಗೊತ್ತಲ್ಲ. ಕ್ಯಾನ್ಸಲ್ ಮಾಡಿದ್ರೆ?”

ನಫೀಸಳಿಗೂ ಹೆದರಿಕೆಯಿತ್ತು. ಮಗಳ ಶಾಲೆ, ಮನೆಯ ಖರ್ಚು ಎಲ್ಲ ಆ ವೀಸಾದ ಮೇಲೇ ನಿಂತಿತ್ತು. ಅವಳು ಏನಾದರೂ ಹೇಳುವ ಮೊದಲೇ ಅವನ ಫೋನು ಸದ್ದು ಮಾಡಿತು. ಕಾರ್ಯದರ್ಶಿಯ ವಾಯ್ಸ್ ಮೆಸೇಜು ಕಾರಿನ ಸ್ಪೀಕರಿನಲ್ಲೇ ಕೇಳಿಸಿತು. ಗುರುವಾರದ ಮೀಟಿಂಗಿಗೆ ಕಾಲುದಾರಿಯ ವಿಷಯ ಇಟ್ಟಿದೆ, ನಿಮ್ಮ ಅಭಿಪ್ರಾಯ ಏನೆಂದು ತಿಳಿಸಬೇಕು ಝುಬೈರಣ್ಣ ಎಂದಿದ್ದರು.

ಝುಬೈರ್ ಕೈ ಚಾಚಿದ. ನಫೀಸ ಅದಕ್ಕಿಂತ ಮೊದಲೇ ಫೋನು ಎತ್ತಿಕೊಂಡು ಮೈಕಿನ ಗುರುತು ಒತ್ತಿ ಹಿಡಿದಳು.

“ಸರ್, ನಾನು ಮೆಂಬರ್ ನಫೀಸ ಮಾತಾಡುದು. ದಾರಿ ಮುಚ್ಲಿಕ್ಕೆ ನನ್ನ ಒಪ್ಪಿಗೆ ಇಲ್ಲ. ಬುಧವಾರ ನಾನು ಊರಲ್ಲಿರ್ತೇನೆ. ಇನ್ನು ಮುಂದೆ ಕೇಳುದಿದ್ರೆ ನನ್ನ ನಂಬರಿಗೆ ಕೇಳಿ.”

ಫೋನನ್ನು ಅದರ ಜಾಗದಲ್ಲಿಟ್ಟು ಗಂಡನ ಕಡೆಗೆ ತಿರುಗಿದಳು.

“ಕ್ಯಾನ್ಸಲ್ ಮಾಡಿದ್ರೆ ಮಾಡ್ಲಿ, ಊರಿಗೆ ಬನ್ನಿ,” ಎಂದಳು. “ಬಸ್ಸಿಳಿದು ಮನೆಗೆ ನಡ್ಕೊಂಡು ಬರ್ಲಿಕ್ಕೆ ದಾರಿ ಇರ್ತದೆ.”