ಹನ್ನೆರಡರೊಳಗೆ ಹುಟ್ಟಿದವರು

ಗಂಗಾಂಬಿಕಾ ಎಂಥವಳು ಅಂತ ಕೊಟ್ಟೂರಿನಲ್ಲಿ ಯಾರನ್ನಾದರೂ ಕೇಳಿ, ಕಂಪ್ಯೂಟರ್ ಜಾತಕದ ಹುಡುಗಿಯಾ, ಬಲು ಮೆತ್ತಗಿನವಳು ಅನ್ನುತ್ತಾರೆ. ಮೆತ್ತಗಂತೆ! ಪಕ್ಕದಲ್ಲೇ ಎಸ್‌ಟಿಡಿ ಬೂತ್ ಇಟ್ಟುಕೊಂಡು ಕೂತಿದ್ದ ನನ್ನನ್ನು ಕೇಳಬೇಕು. ಬಸ್ ಸ್ಟ್ಯಾಂಡಿನ ಎದುರು ಒಂದೇ ಮಳಿಗೆ, ನಡುವೆ ತೆಳ್ಳನೆಯ ಪ್ಲೈವುಡ್ ಹಲಗೆ. ಆ ಕಡೆ ಅವಳ ಜಾತಕ, ಈ ಕಡೆ ನನ್ನ ಫೋನು. ಅವಳು ನಿಟ್ಟುಸಿರು ಬಿಟ್ಟರೂ ನನಗೆ ಕೇಳಿಸುತ್ತಿತ್ತು.

ಬಿ.ಎಸ್ಸಿ. ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋದವಳಿಗೆ ಅಲ್ಲಿ ಕಲಿಸುತ್ತಿದ್ದವನು ಹರಪನಹಳ್ಳಿ ಕಡೆಯ ಅರಸೀಕೆರೆಯ ಸೋಮಶೇಖರ್. ಜಾತಕ ತೆಗೆಯುವ ಪ್ರೋಗ್ರಾಂ ಹಾಕಿಕೊಟ್ಟು ಅವಳಿಗೆ ಅಂಗಡಿ ಹೂಡಿಸಿದವನೂ ಅವನೇ. ಬೈಕಿನಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸುತ್ತಿ ಅದೇ ಪ್ರೋಗ್ರಾಂ ಮಾರುತ್ತಿದ್ದ, ಕೆಟ್ಟರೆ ರಿಪೇರಿ ಮಾಡುತ್ತಿದ್ದ. ಕೊಟ್ಟೂರಿಗೆ ಬಂದಾಗ ಮಾತ್ರ ಏನೂ ಕೆಡದಿದ್ದರೂ ಅರ್ಧ ದಿನ ಅವಳ ಪಕ್ಕ ಕೂಡುತ್ತಿದ್ದ. ನಾನು ಹಲಗೆ ಬಡಿದು, "ಮಿಷನ್ ಕೆಟ್ಟೈತೋ, ಮೇಷ್ಟ್ರು ಕೆಟ್ಟಾರೋ?" ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದರು. ಮದುವೆಯ ಮಾತನ್ನೂ ಅವನೇ ಎತ್ತಿದ್ದ. ಅವನ ತಾಯಿ ಕೊಟ್ರಬಸಮ್ಮ ಬಂದು ನೋಡಿ, ಮೆಚ್ಚಿ, ಹೂ ಮುಡಿಸಿ ಹೋಗಿದ್ದರು. ಇಬ್ಬರ ಜಾತಕ ಹೊಂದಿಸಿ ನೋಡುವ ಸಾಲಾವಳಿಯೊಂದು ಕೂಡಿಬಂದರೆ ಆಯಿತು.

ಎರಡು ಸಾವಿರದ ಒಂದನೇ ಇಸವಿಯ ಆಷಾಢದಲ್ಲಿ ಅವನು ಹೊಸ ಸಿ.ಡಿ. ತಂದ. ಉಳಿಸಿಟ್ಟ ಹುಟ್ಟಿದ ತಾರೀಖುಗಳನ್ನು ಓದಿ ಲೆಕ್ಕಕ್ಕೆ ಒಪ್ಪಿಸುವ ಒಂದು ಭಾಗ ಪ್ರೋಗ್ರಾಮಿನ ಒಳಗೆ ಇರುತ್ತದಂತೆ, ಲೈಬ್ರರಿ ಅನ್ನುತ್ತಾರೆ. ಹಳೆಯದನ್ನು ತೆಗೆದು ಹೊಸದು ಹಾಕಿದ. ಹಾಕಿದ ಮೇಲೆ ಹಳೆಯ ಹೆಸರುಗಳಲ್ಲಿ ಅರ್ಧಕ್ಕರ್ಧ ತೆರೆಯಲೊಲ್ಲವು. ತಾರೀಖು ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ತಕರಾರು. "ಅವಷ್ಟನ್ನ ಹೊಸದಾಗಿ ಹೊಡಿ, ಉಳಿದವು ಸರಿ ಅದಾವ" ಅಂದ. ಪಾಪ, ಹೊಡೆದಳು. ಅವನ ಮಾತೇ ಅವಳಿಗೆ ವೇದವಾಕ್ಯ.

ದಸರಾ ಕಳೆದ ಮೇಲೆ ಸಾಲಾವಳಿ ನೋಡುವ ದಿನ ಬಂತು. "ಐನೋರ ಕಡಿ ಯಾಕ? ನಿನ್ನ ಮಿಷನ್‌ದಾಗ ತಗಿ ಗಂಗಾ, ಯಾರೂ ಎರಡು ಮಾತಾಡಂಗಿಲ್ಲ" ಅಂದವನು ಅವನೇ. ತೆಗೆದಳು. ನಾಡಿದೋಷ! ಗುಣ ಕೂಡುವುದಿರಲಿ, ಮಕ್ಕಳೇ ಆಗುವುದಿಲ್ಲ ಎಂಬ ದೋಷ. ತಾನೇ ಅಚ್ಚು ತೆಗೆದ ಹಾಳೆಯನ್ನು ತಾನೇ ಕೊಟ್ರಬಸಮ್ಮನ ಕೈಗೆ ಕೊಟ್ಟಳು. ಆ ತಾಯಿ ಗಳಗಳ ಅತ್ತರು. "ನಿನ್ನಂಥಾ ಸೊಸಿ ನಮ್ಮ ಹಣೇಬರದಾಗ ಇಲ್ಲವ್ವ." ಸೋಮಶೇಖರ್ ತನ್ನ ಕರ್ಚೀಫಿನಿಂದ ತಾಯಿಯ ಕಣ್ಣು ಒರೆಸಿದ. ಅದನ್ನು ನೋಡಿ ನನ್ನ ಕರುಳೂ ಚುರುಕ್ ಅಂದಿತ್ತು. ಥೂ, ನನ್ನ ಕರುಳಿಗಿಷ್ಟು!

ಕಾರ್ತಿಕದಲ್ಲಿ ನಾಗಲಿಂಗಮ್ಮ ಎಂಬ ಹೆಂಗಸು ಜಗಳಕ್ಕೇ ಬಂದಳು. ಮಗಳ ಜಾತಕವನ್ನು ಯುಗಾದಿಯಲ್ಲೊಮ್ಮೆ, ಈಗೊಮ್ಮೆ ಇಲ್ಲೇ ತೆಗೆಸಿದ್ದಳು. ಅದರಲ್ಲಿ ರೋಹಿಣಿ ನಕ್ಷತ್ರ, ಇದರಲ್ಲಿ ಮೂಲಾ. "ಮೂಲಾ ಅಂದ್ರ ಯಾರು ಮಾಡ್ಕೊಂತಾರ? ನನ್ನ ಮಗಳು ಎರಡು ಸಲ ಹುಟ್ಯಾಳೇನು?"

ಗಂಗಾಂಬಿಕಾ ಅವಳಿಗೆ ನೀರು ಕೊಟ್ಟು ಮಿಷನ್ ಮುಂದೆ ಕೂತಳು. ಹೊಸದಾಗಿ ಹೊಡೆದ ಹೆಸರೊಂದನ್ನು ತೆಗೆದು ಹಳೆಯ ಪಂಚಾಂಗಕ್ಕೆ ಹಿಡಿದು ನೋಡಿದಳು, ಸರಿ ಇತ್ತು. ತಕರಾರಿಲ್ಲದೆ ತೆರೆದದ್ದನ್ನು ನೋಡಿದಳು, ತಪ್ಪು. ಇನ್ನೊಂದು, ಅದೂ ತಪ್ಪು. ಹಾಗಾದರೆ ಮಿಷನ್ ಓದಲಾರೆ ಅಂದ ತಾರೀಖುಗಳು ಯಾವುವು? ಎಲ್ಲವೂ ತಿಂಗಳ ಹನ್ನೆರಡು ದಾಟಿದವು. ಹಿಂದೆ ಉಳಿಸಿಟ್ಟ ತಾರೀಖುಗಳನ್ನು ಹೊಸ ಲೈಬ್ರರಿ ಅಮೆರಿಕದವರಂತೆ ತಿಂಗಳು ಮೊದಲು, ದಿನ ಆಮೇಲೆ ಎಂದು ಓದುತ್ತಿತ್ತು. ಹದಿಮೂರನೆಯ ತಿಂಗಳು ಎಲ್ಲಿಂದ ಬರಬೇಕು? ಅದಕ್ಕೇ ಅವು ತಕರಾರು ಮಾಡಿದ್ದವು. ಹನ್ನೆರಡರೊಳಗೆ ಹುಟ್ಟಿದವರದು ಮಾತ್ರ ಗಪ್‌ಚುಪ್ ತಲೆಕೆಳಗಾಗಿತ್ತು. ಹಾಳೆಯಲ್ಲಿ ತಾರೀಖಿನ ಅಂಕಿಗಳು ಮೊದಲಿನಂತೆಯೇ ಕಾಣುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಗಂಗಾಂಬಿಕಾ ಹುಟ್ಟಿದ್ದು ಆಗಸ್ಟ್ ಐದಕ್ಕೆ. ಮಿಷನ್ ಅವಳನ್ನು ಮೇ ಎಂಟಕ್ಕೆ ಹುಟ್ಟಿಸಿತ್ತು.

"ಅಂಜಿನಕ್ಕಾ!" ಎಂದು ಹಲಗೆ ಬಡಿದಳು. ತಿದ್ದಿದ ತಾರೀಖಿಗೆ ಸಾಲಾವಳಿ ಮತ್ತೆ ತೆಗೆದಿದ್ದಳು. ದೋಷವಿಲ್ಲ, ಗುಣ ಕೂಡಿದೆ. ನಗುತ್ತಿದ್ದಳು, ಕಣ್ಣಲ್ಲಿ ನೀರು. "ಸುಳ್ಳಕ್ಕಾ, ಎಲ್ಲಾ ಸುಳ್ಳು! ನಾಳೆನೇ ಅರಸೀಕೆರಿಗೆ ಹೋಗ್ತೀನಿ." ಅಷ್ಟರಲ್ಲೇ ಅವಳಿಗೆ ಬೇರೆಯವರ ಚಿಂತೆ. ಹಗರಿಬೊಮ್ಮನಹಳ್ಳಿಯಲ್ಲಿ ಜಾತಕ ತೆಗೆಯುವ ಹಾಲಸ್ವಾಮಿಗಳಿಗೂ ಸೋಮಶೇಖರ್ ಇದೇ ಸಿ.ಡಿ. ಕೊಟ್ಟಿದ್ದ. ಅಲ್ಲಿ ಎಷ್ಟು ಮದುವೆ ಮುರಿದಿವೆಯೋ ಅಂತ ನನ್ನ ಬೂತಿನಿಂದಲೇ ಫೋನು ಹಚ್ಚಿದಳು. ಅವರದು ದೊಡ್ಡ ದನಿ, ನನಗೂ ಕೇಳಿಸಿತು.

"ಹನ್ನೆರಡರೊಳಗಿನವು ತಾನೇ? ಶ್ರಾವಣದಾಗ ಸೋಮಶೇಖರ ಬಂದು ಸರಿ ಮಾಡಿ ಹೋಗ್ಯಾನವ್ವ. ಇಲ್ಲಿಂದ ಸೀದಾ ಕೊಟ್ಟೂರಿಗೇ ಹೋಗಿ ಮಾಡ್ತೀನಿ ಅಂದಿದ್ದ. ಬರಲಿಲ್ಲೇನು?"

ಬಂದಿದ್ದ. ನನಗೆ ನೆನಪಿದೆ. ಮಿಷನ್ ತೆರೆದು ನೋಡಿ, "ನಿಂದೇನೂ ಕೆಟ್ಟಿಲ್ಲ ಬಿಡು" ಅಂದು, ನಾನು ತರಿಸಿದ ಚಹಾ ಕುಡಿದು ಹೋಗಿದ್ದ. ಗಂಗಾಂಬಿಕಾ ರಿಸೀವರ್ ಇಡುವುದನ್ನೂ ಮರೆತು ನಿಂತಳು.

ಮರುದಿನ ಅರಸೀಕೆರೆಗೆ ಹೋಗಲಿಲ್ಲ, ಅವನನ್ನೇ ಕರೆಸಿದಳು. ಅವನು ಮೊದಲು ಏನೇನೋ ತೊದಲಿದ, ಕೊನೆಗೆ ಬಾಯಿಬಿಟ್ಟ. ಶ್ರಾವಣದಲ್ಲಿ ಬಂದಾಗಲೇ ತಮ್ಮಿಬ್ಬರ ಜಾತಕ ತೆರೆದು, ದೋಷ ತೋರಿಸುವುದನ್ನು ನೋಡಿ, ಮಿಷನ್ ತಿದ್ದದೆ ಬಿಟ್ಟು ಹೋಗಿದ್ದನಂತೆ. ಹಿರೇಹಡಗಲಿಯ ಟೀಚರ್ ಒಬ್ಬಳ ಮೇಲೆ ಅವನಿಗೆ ಮನಸ್ಸಾಗಿತ್ತು. "ಅವ್ವ ನಿನ್ನ ಬಿಟ್ಟು ಯಾರನ್ನೂ ಒಲ್ಲೆ ಅಂತಿದ್ಲು. ನಿನಗ ಹೇಳಾಕ ನನಗ ಬಾಯಿ ಬರಲಿಲ್ಲ ಗಂಗಾ."

"ಅದಕ್ಕ ನನ್ನ ಕೈಲೇ ಹೇಳಿಸಿದಿ" ಅಂದಳು.

"ಅವ್ವಗ ಮಾತ್ರ ಹೇಳಬ್ಯಾಡ."

ನಾನು ಸುಮ್ಮನಿರುವವಳೇ? "ಉಂಡ ಮನಿ ಜಂತಿ ಎಣಿಸೋನ, ನಡಿ ಇಲ್ಲಿಂದ!" ಅಂತ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದೆ. ಗಂಗಾಂಬಿಕಾ ಕೂಗಲಿಲ್ಲ. ಹನ್ನೆರಡರೊಳಗೆ ಹುಟ್ಟಿದವರ ಮನೆಮನೆಗೆ ಹೋಗಿ ತಿದ್ದಿದ ಹಾಳೆ ಕೊಟ್ಟು, ಬಾಯಿಗೆ ಬಂದಂತೆ ಬೈಸಿಕೊಂಡು ಬಂದಳು. ಅರಸೀಕೆರೆಗೂ ಒಂದು ಹಾಳೆ ಒಯ್ಯಿ ಅಂದರೆ, "ಒಲ್ಲದವನ್ನ ಸಾಲಾವಳಿ ತೋರಿಸಿ ಕಟ್ಗೊಳ್ಳಲೇನಕ್ಕಾ?" ಅಂದಳು.

ಸಂಕ್ರಾಂತಿ ಕಳೆದ ಮೇಲೆ ಕೊಟ್ರಬಸಮ್ಮನೇ ಅಂಗಡಿಗೆ ಬಂದರು, ಹಿರೇಹಡಗಲಿ ಹುಡುಗಿಯ ತಾರೀಖು ಹಿಡಿದುಕೊಂಡು. "ಮಗ ಬ್ಯಾರೆ ಕಡಿ ತಗಸು ಅಂದ. ನಾ ಕೇಳಲಿಲ್ಲ. ನಿನ್ನ ಮಿಷನ್ ಸುಳ್ಳು ಹೇಳಂಗಿಲ್ಲವ್ವ."

ಗಂಗಾಂಬಿಕಾ ತಾರೀಖು ಹೊಡೆದು ಹಾಳೆ ತೆಗೆದುಕೊಟ್ಟಳು. "ಕೂಡತೈತ್ರಿ ಅಮ್ಮ. ಚಲೋ ಸಾಲಾವಳಿ." ಆಮೇಲೆ ಡ್ರಾವರಿನಿಂದ ಇನ್ನೊಂದು ಹಾಳೆ ತೆಗೆದು ಅದರ ಮೇಲಿಟ್ಟಳು. "ಇದು ನಂದು, ನಿಮ್ಮ ಮಗಂದು. ಇದೂ ಕೂಡತೈತ್ರಿ. ಅವತ್ತು ಮಿಷನ್ ಕೆಟ್ಟಿತ್ತು. ಅದು ನಿಮ್ಮ ಮಗಗ ಗೊತ್ತಿತ್ತು."

ಆ ತಾಯಿಗೆ ಓದು ಬರದು. ಎರಡೂ ಹಾಳೆಗಳ ಮೇಲೆ ಕೈಯಾಡಿಸಿದರು.

"ನಾ ಅಳೋ ಮುಂದನೂ ಗೊತ್ತಿತ್ತೇನು?"

"ಹೌದ್ರಿ."

"ನನ್ನ ಕಣ್ಣು ಅವನೇ ಒರೆಸಿದ್ನಲ್ಲವ್ವ" ಅಂದರು ಕೊಟ್ರಬಸಮ್ಮ.